ಮೋಳಿಗೆಯ ಮಾರಯ್ಯನ ನಾಡಿನಲ್ಲಿ

ಕಳೆದ ಮಾಘಮಾಸದಲ್ಲಿ ಶ್ರೀನಗರದಿಂದ ಗುಲ್ಮಾರ್ಗಕ್ಕೆ ಹೋಗಿ ಅಂದೇ ಮರಳುವ ಯೋಗ ಒದಗಿತು. ದೂರ ಸುಮಾರು 50 ಕಿಲೋಮೀಟರು. ತಂಗ್‌ಮಾರ್ಗದಲ್ಲಿ ನಮ್ಮ ಕಾರನ್ನು ಬಿಟ್ಟು, ಚಕ್ರಗಳಿಗೆ ಸರಪಳಿ ಬಿಗಿದ ಜೀಪನ್ನು ಏರಬೇಕಾಯಿತು. ಮುಂದಿನ ತಿರುವುಗಳಲ್ಲಿ ವೃಕ್ಷಗಳೆಲ್ಲ ವಿಭೂತಿ ಧರಿಸಿ ನಿಂತಂತೆ ತೋರಿದವು.

ಸುಮಾರು 2,650 ಮೀಟರ್ ಎತ್ತರದ ಆ ಹಿಮದ ಬಯಲಿನಲ್ಲಿ ತರುಣರು ಕಾಲಿಗೆ ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಸ್ಕೀಯಿಂಗ್ ಆಡುತ್ತಿದ್ದರು. ನನ್ನ ತಮ್ಮನ ಮಗನೂ ಹೊರಟನು; ಎಷ್ಟು ಸಲ ಬಿದ್ದನೆಂಬುದನ್ನು ಇಲ್ಲಿ ಬರೆಯಲಾರೆ.

ಮೊಣಕಾಲಿನ ನೋವಿನಿಂದ ನಾನು ದೂರದಲ್ಲೇ ನಿಂತಿದ್ದೆ. ಮರದ ಜಾರುಬಂಡಿಯ ಹಗ್ಗ ಹಿಡಿದ ವೃದ್ಧನೊಬ್ಬನು, "ಕುಳಿತುಕೊಳ್ಳಿ, ಎಳೆಯುತ್ತೇನೆ" ಎಂದು ಹಿಂದಿಯಲ್ಲಿ ಕರೆದನು. ನಿಲುವಂಗಿಯೊಳಗೆ ಕೆಂಡದ ಕಾಂಗಡಿ. ನನಗಿಂತ ಹಿರಿಯನೇ ಇರಬೇಕು. ಮನುಷ್ಯನಿಂದ ಎಳೆಸಿಕೊಳ್ಳಲು ಮನಸ್ಸೊಪ್ಪದೆ, ಕೂಲಿಯಷ್ಟು ಹಣವನ್ನು ಸುಮ್ಮನೆ ನೀಡಿದೆ. ಅವನು ಮುಟ್ಟಲಿಲ್ಲ. "ಎಳೆಯದೆ ಹೇಗೆ ತೆಗೆದುಕೊಳ್ಳಲಿ?" ಎಂದನು.

ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರಿ ಬದುಕಿದವನು ಮೋಳಿಗೆಯ ಮಾರಯ್ಯ ಎಂದು ನಮ್ಮ ಪರಂಪರೆ ಹೇಳುತ್ತದೆ. ಬಸವಣ್ಣನವರು ಗುಟ್ಟಾಗಿ ಇರಿಸಿಹೋದ ಹೊನ್ನನ್ನು ತನ್ನ ಕಾಯಕದ್ದಲ್ಲವೆಂದು ಜಂಗಮರಿಗೆ ಹಂಚಿದನಂತೆ. ಈ ಕಥೆಯನ್ನು ನಾನು ಎಷ್ಟು ಪ್ರವಚನಗಳಲ್ಲಿ ಹೇಳಿಲ್ಲ! ಆದರೂ ಆ ವೃದ್ಧನ ಕೈಗೆ ಭಿಕ್ಷೆ ಹಾಕಲು ಹೊರಟಿದ್ದೆ.

ನಾಚಿ ಕುಳಿತೆ. ಏರಿನಲ್ಲಿ ಅವನ ಉಸಿರು ಬಿರುಸಾದುದನ್ನು ಕೇಳಲಾರದೆ, ಕೆಳಗಿಳಿದು ಬಂಡಿಯನ್ನು ಹಿಂದಿನಿಂದ ನೂಕತೊಡಗಿದೆ. ಅವನು ತಿರುಗಿ ನೋಡಿ ಗದರಿದನು. ಮತ್ತೆ ಹತ್ತಿ ಕುಳಿತೆ.