ಠಾಣೆಗೆ ಹೋಗಿಬರುವ ಕೋವಿಗಳು

ಮಾಲೂರಿನ ಹೆಂಚಿನ ಕಾರ್ಖಾನೆ, ಇಟ್ಟಿಗೆ ಗೂಡುಗಳನ್ನು ಹಿಂದೆ ಹಾಕಿ ಟೇಕಲ್ ಕಡೆಗೆ ಹೊರಟರೆ ಬಂಡೆಗುಡ್ಡಗಳ ಸೀಮೆ ಎದುರಾಗುತ್ತದೆ. ಗುಡ್ಡದ ಬುಡಕ್ಕೆ ಅಂಟಿಕೊಂಡು ರಾಗಿ, ಅವರೆ, ನೆಲಗಡಲೆಯ ಹೊಲಗಳು. ಅಲ್ಲಲ್ಲಿ ನಾಲ್ಕು ಕಂಬದ ಅಟ್ಟಣೆ, ಅದಕ್ಕೆ ಕಟ್ಟಿದ ತಗಡಿನ ಡಬ್ಬ. ಕಾಡುಹಂದಿಯ ಹಿಂಡು ಒಂದು ರಾತ್ರಿ ನುಗ್ಗಿತೆಂದರೆ ಮೂರು ತಿಂಗಳ ಬೆವರು ಮಣ್ಣುಪಾಲು. ತಮಿಳುನಾಡಿನ ಗಡಿ ಹತ್ತಿರವಾದ್ದರಿಂದ ಒಮ್ಮೊಮ್ಮೆ ಆನೆಗಳೂ ಈ ಕಡೆ ಇಣುಕುತ್ತವೆ. ಡಬ್ಬ, ಪಟಾಕಿ, ನಾಯಿ ಇವೆಲ್ಲ ಇದ್ದದ್ದೇ. ಇವುಗಳ ಜೊತೆಗೆ ಎಲ್ಲೋ ಒಂದೊಂದು ಮನೆಯಲ್ಲಿ ಲೈಸೆನ್ಸಿನ ಕೋವಿಯೂ ಉಂಟು.

ಈ ಕೋವಿಯ ಕಾನೂನು ಸ್ವಾರಸ್ಯವಾಗಿದೆ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಮಾದರಿಯ ಬಂದೂಕನ್ನು ಬೆಳೆ ರಕ್ಷಣೆಗೆಂದೇ ಕೊಡಲು 1959ರ ಶಸ್ತ್ರಾಸ್ತ್ರ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. ಆದರೆ ಬೆಳೆ ತಿನ್ನಲು ಬರುವ ಕಾಡುಹಂದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಸರೆ ಇದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರ ಮೇಲೆ ಗುಂಡು ಹಾರಿಸುವಂತಿಲ್ಲ. ಹಾಗಾಗಿ ಕಾನೂನು ಮೀರದ ರೈತನ ಪಾಲಿಗೆ ಕೋವಿ ಎಂದರೆ ಬಹುಮಟ್ಟಿಗೆ ಒಂದು ದೊಡ್ಡ ಸದ್ದು, ಅಷ್ಟೆ.

ಆ ಸದ್ದೂ ವರ್ಷವಿಡೀ ಮನೆಯಲ್ಲಿ ಇರುವುದಿಲ್ಲ. ಚುನಾವಣೆ ಘೋಷಣೆಯಾಯಿತೆಂದರೆ ಜಿಲ್ಲಾ ಕೇಂದ್ರವಾದ ಕೋಲಾರದಿಂದ ಆದೇಶ ಹೊರಡುತ್ತದೆ. ಯಾರ ಆಯುಧ ಪಡೆಯಬೇಕೆಂದು ಪರಿಶೀಲನಾ ಸಮಿತಿ ತೀರ್ಮಾನಿಸಬೇಕೆಂಬುದು ನಿಯಮ. ಸಾಮಾನ್ಯವಾಗಿ ಊರಿನ ಕೋವಿಗಳೆಲ್ಲ ಠಾಣೆ ಸೇರುತ್ತವೆ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಯಿತು. ಕೋಲಾರದಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿದರೂ ಎಣಿಕೆ ನಡೆದದ್ದು ಜೂನ್ 4ಕ್ಕೆ. ಹೆಚ್ಚುಕಡಿಮೆ ಮೂರು ತಿಂಗಳು!

ಬಂದೂಕು ಕಡಿಮೆಯಾದರೆ ಅಪರಾಧ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಇದೊಂದು ಸಿದ್ಧ ಪ್ರಯೋಗದಂತೆ ಕಾಣುತ್ತದೆ. ಆದರೆ ಅದೇ ದಿನಗಳಲ್ಲಿ ಗಡಿಯಲ್ಲಿ ಚೆಕ್‌ಪೋಸ್ಟುಗಳು ಏಳುತ್ತವೆ, ಪೊಲೀಸರ ಸಂಖ್ಯೆ ಏರುತ್ತದೆ, ಮತದಾನದ ಹೊತ್ತಿಗೆ ಮದ್ಯದಂಗಡಿಗಳೂ ಮುಚ್ಚುತ್ತವೆ. ಗಿಡಕ್ಕೆ ನೀರನ್ನೂ ಬೆಳಕನ್ನೂ ಒಟ್ಟಿಗೆ ಹೆಚ್ಚಿಸಿ, ‘ಬೆಳಕಿನಿಂದಲೇ ಬೆಳೆಯಿತು’ ಎಂದು ಬರೆದ ವಿದ್ಯಾರ್ಥಿಗೆ ಯಾವ ಮೇಷ್ಟರೂ ಪೂರ್ತಿ ಅಂಕ ಕೊಡುವುದಿಲ್ಲ. ಚುನಾವಣೆ ಶಾಂತವಾಗಿ ನಡೆದದ್ದು ಕೋವಿ ಠಾಣೆಯಲ್ಲಿದ್ದುದರಿಂದಲೋ, ಪೊಲೀಸರು ಬೀದಿಯಲ್ಲಿದ್ದುದರಿಂದಲೋ ಹೇಳುವುದು ಹೇಗೆ?

ಇದೇ ಪ್ರಶ್ನೆಯನ್ನು ಆಸ್ಟ್ರೇಲಿಯಾ ಹಣ ಸುರಿದು ಕೇಳಿತು. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ ಮನುಷ್ಯ 35 ಜನರನ್ನು ಗುಂಡಿಟ್ಟು ಕೊಂದ. ಕೆಲವೇ ವಾರಗಳಲ್ಲಿ ಅಲ್ಲಿನ ಸರ್ಕಾರ ಒಂದರ ಹಿಂದೊಂದು ಗುಂಡು ಹಾರಿಸುವ ಮಾದರಿಯ ಬಂದೂಕುಗಳನ್ನು ನಿಷೇಧಿಸಲು ನಿರ್ಧರಿಸಿ, ಜನರಿಂದ ಬೆಲೆ ಕೊಟ್ಟು ಮರಳಿ ಕೊಂಡಿತು. ಸುಮಾರು ಆರೂವರೆ ಲಕ್ಷ ಬಂದೂಕುಗಳು ನಾಶವಾದವು. ಹಣಕ್ಕಾಗಿ ಪ್ರಜೆಗಳ ಮೇಲೆ ಒಂದು ಬಾರಿಯ ತೆರಿಗೆಯನ್ನೇ ಹಾಕಲಾಯಿತು. ಹಿಂದಿನ 18 ವರ್ಷಗಳಲ್ಲಿ 13 ಸಾಮೂಹಿಕ ಗುಂಡಿನ ದಾಳಿಗಳನ್ನು ಕಂಡಿದ್ದ ದೇಶ ಮುಂದಿನ ಹತ್ತು ವರ್ಷ ಒಂದನ್ನೂ ಕಾಣಲಿಲ್ಲ. ಬಂದೂಕಿನ ಆತ್ಮಹತ್ಯೆಗಳು ಚೆನ್ನಾಗಿಯೇ ಇಳಿದವು. ಕೊಲೆಗಳ ವಿಷಯದಲ್ಲಿ ಮಾತ್ರ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ, ಏಕೆಂದರೆ ಅವು ಮೊದಲೇ ಇಳಿಮುಖವಾಗಿದ್ದವು.

ಅಮೆರಿಕದ ನಗರಗಳದು ಬೇರೆ ದಾರಿ. ‘ಬಂದೂಕು ತನ್ನಿ, ಹಣ ಒಯ್ಯಿರಿ, ಏನೂ ಕೇಳುವುದಿಲ್ಲ’ ಎಂದು ಒಂದೆರಡು ದಿನದ ಶಿಬಿರ. ಅಟ್ಟದ ಮೇಲಿನ ತುಕ್ಕುಹಿಡಿದ ಬಂದೂಕುಗಳು ಬಂದವು. ಬೇಕಾದವನು ಹೊಸದನ್ನು ಕೊಳ್ಳಲು ಅಂಗಡಿ ತೆರೆದೇ ಇತ್ತು. ಇದರಿಂದ ಅಪರಾಧ ಇಳಿದದ್ದಕ್ಕೆ ಪುರಾವೆ ಸಿಗಲಿಲ್ಲವೆಂದು 2021ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ ಹೇಳಿದರು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ್ದು ಹಣವೊಂದೇ ಅಲ್ಲ, ಅಂಗಡಿಯ ಬಾಗಿಲು ಮುಚ್ಚಿದ ಕಾನೂನು. ಹಾಗೆಂದು ಅದು ಮುಗಿದ ಕೆಲಸವೂ ಅಲ್ಲ. ಕಾಲ ಕಳೆದಂತೆ ಅಲ್ಲಿ ಬಂದೂಕುಗಳ ಸಂಖ್ಯೆ ಹಳೆಯ ಮಟ್ಟವನ್ನು ಮೀರಿತು. 2025ರ ಡಿಸೆಂಬರ್ 14ರಂದು ಸಿಡ್ನಿಯ ಬಾಂಡೈ ಕಡಲತೀರದಲ್ಲಿ 15 ಜನ ಬಲಿಯಾದ ಮೇಲೆ ಮತ್ತೊಂದು ಮರುಖರೀದಿ ಘೋಷಣೆಯಾಯಿತು.

ನಮ್ಮಲ್ಲಿ ಲೈಸೆನ್ಸುದಾರನಿಗೆ ಬೆಲೆ ಕೊಡುವ ಪದ್ಧತಿ ಇಲ್ಲ. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಎಂದಿತು. ಮೂರನೆಯದನ್ನು ವರ್ಷದೊಳಗೆ ಒಪ್ಪಿಸಬೇಕಾಯಿತು, ಹಣದ ಮಾತಿರಲಿಲ್ಲ. ಆಯುಧ ತಂದವರಿಗೆ ಸರ್ಕಾರ ಹಣ ಕೊಡುವುದು ಶರಣಾಗುವ ನಕ್ಸಲರ ಪುನರ್ವಸತಿ ಯೋಜನೆಯಲ್ಲಿ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಮಂದಿ ಶರಣಾದಾಗ ಬಂದೂಕುಗಳು ಜೊತೆಯಲ್ಲಿರಲಿಲ್ಲ. ‘ಆಯುಧ ಎಲ್ಲಿ?’ ಎಂದು ನಾಡೆಲ್ಲ ಕೇಳಿತು. ಕೆಲವು ದಿನಗಳಲ್ಲಿ ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ಎ.ಕೆ.-56 ಸೇರಿದಂತೆ ಅವು ಪೊಲೀಸರಿಗೆ ಸಿಕ್ಕವು.

ಕೋಲಾರದಿಂದ ಪೂರ್ವಕ್ಕೆ ಹೆದ್ದಾರಿ ಹಿಡಿದರೆ ಮುಳಬಾಗಿಲು. ದೋಸೆಯ ಊರೆಂದು ಪ್ರಸಿದ್ಧ. ಆದರೆ ಬಸ್ ಇಳಿದೊಡನೆ ಕಣ್ಣಿಗೆ ಬೀಳುವುದು ನೆತ್ತಿಯಲ್ಲಿ ಗುಂಡುಗಳನ್ನು ಹೊತ್ತ ಕೋಟೆಬೆಟ್ಟ. 1768ರ ಅಕ್ಟೋಬರ್ 4ರಂದು ಇಲ್ಲಿ ಹೈದರಾಲಿಯ ಸೈನ್ಯದೆದುರು ಕರ್ನಲ್ ವುಡ್‌ನ ಪಡೆ ಸೋಲುವುದರಲ್ಲಿತ್ತು. ಆಗ ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೂ ಕಾಯಿಲೆಯವರನ್ನೂ ಕಟ್ಟಿಕೊಂಡು ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೆ ಎಳೆಸಿ, ಹಾರಿಸಿ, ಇನ್ನೊಬ್ಬ ಸೇನಾಪತಿ ‘ಸ್ಮಿತ್’ನ ಹೆಸರು ಹಿಡಿದು ಜಯಕಾರ ಕೂಗಿಸಿದ. ದೊಡ್ಡ ಪಡೆಯೇ ಬಂತೆಂದು ಎರಡೂ ಕಡೆಯವರು ನಂಬಿದರು! ಮಾಲೂರಿನ ರೈತ ಹಂದಿಯ ಮೇಲೆ ಮಾಡುವ ಉಪಾಯಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಆ ಬ್ರಿಟಿಷರೇ ಮುಂದೆ 1878ರ ಕಾಯ್ದೆಯಿಂದ ದೇಶದ ಜನರ ಆಯುಧಕ್ಕೆ ಲೈಸೆನ್ಸಿನ ಬೀಗ ಹಾಕಿದರು. ಕೊಡವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟಿದ್ದ ವಿನಾಯಿತಿ ಮಾತ್ರ ಇಂದಿಗೂ ಉಳಿದಿದೆ. ಉಳಿದ ಕಡೆ ಬೀಗ ಬಿದ್ದದ್ದು ಅರ್ಜಿ ಹಾಕಿದವನ ಕೋವಿಗೆ. ಕೊಳವೆ ತುಂಡು, ಮರದ ಹಿಡಿ ಸೇರಿಸಿ ಕದ್ದು ಮಾಡುವ ನಾಡಬಂದೂಕು ಯಾವ ರಿಜಿಸ್ಟರಿನಲ್ಲೂ ಇಲ್ಲ. ಚುನಾವಣೆ ಬಂದರೆ ಅದಕ್ಕೆ ನೋಟಿಸು ಹೋಗುವುದಿಲ್ಲ. ಅದನ್ನು ತಂದೊಪ್ಪಿಸಿದವನ ಮೇಲೆ ಕೇಸು ಬೀಳುವುದಾದರೆ ಯಾರು ತಾನೇ ತಂದಾರು? ಶಿಕ್ಷೆಯಿಲ್ಲದ ಒಂದು ಗಡುವು, ಜೊತೆಗೆ ಬೆಳೆಹಾನಿಯ ಪರಿಹಾರ ಬೇಗ ಕೈಸೇರುವ ವ್ಯವಸ್ಥೆ ಇದ್ದರೆ ಮಾತು ಬೇರೆ. ನಳಿಗೆಗೆ ಬೆಲೆ ಕಟ್ಟುವುದಕ್ಕಿಂತ ರೈತ ನಿದ್ದೆಗೆಟ್ಟ ರಾತ್ರಿಗೆ ಬೆಲೆ ಕಟ್ಟುವುದು ಲೇಸು.

ಕೊಲ್ಲುವ ಮನಸ್ಸಿದ್ದವನು ಕೋವಿಗೇ ಕಾಯುವುದಿಲ್ಲ ಎಂಬುದೂ ಇಲ್ಲಿಯವರಿಗೆ ಗೊತ್ತು. 2023ರ ಅಕ್ಟೋಬರಿನಲ್ಲಿ ಶ್ರೀನಿವಾಸಪುರದ ಬಳಿ ರಾಜಕೀಯ ಮುಖಂಡರೊಬ್ಬರ ಕೊಲೆಯಾದದ್ದು ಹರಿತವಾದ ಆಯುಧಗಳಿಂದ. ಆದರೂ ಕೋವಿಯೊಂದು ಕೈಗೆ ಸಿಗುವಂತಿದ್ದರೆ ಒಂದು ಕ್ಷಣದ ಸಿಟ್ಟು, ಒಂದು ಕ್ಷಣದ ಹತಾಶೆ ತಿದ್ದಲಾಗದ ತಪ್ಪಾಗಿಬಿಡುತ್ತದೆ. ಆಸ್ಟ್ರೇಲಿಯಾದ ಆತ್ಮಹತ್ಯೆಯ ಅಂಕಿಗಳು ಹೇಳುವುದು ಇದನ್ನೇ. ಮಕ್ಕಳಿರುವ ಮನೆಯಲ್ಲಿ ಕೋವಿ ಒಂದು ಕಡೆ, ಮದ್ದುಗುಂಡು ಇನ್ನೊಂದು ಕಡೆ, ಎರಡಕ್ಕೂ ಬೀಗ ಇರಬೇಕೆಂಬುದಕ್ಕೆ ಯಾವ ಆದೇಶವೂ ಬೇಕಿಲ್ಲ.

ಶ್ರೀನಿವಾಸಪುರದ ರಸ್ತೆಯ ಎರಡೂ ಬದಿಗೆ ಮಾವಿನ ತೋಪುಗಳು. ಜೂನ್ ನಡುವಿಗೆ ಮಂಡಿಗಳಲ್ಲಿ ತೋತಾಪುರಿಯ ರಾಶಿ ಏಳುತ್ತದೆ, ಲಾರಿಗಳು ಚಿತ್ತೂರಿನ ಕಡೆಗೆ ಸಾಲುಗಟ್ಟುತ್ತವೆ. ಚುನಾವಣೆಯ ವರ್ಷವಾದರೆ ಠಾಣೆಯಿಂದ ಕೋವಿ ಮರಳುವುದೂ ಆಗಲೇ. ಕಾಯಿ ಬಲಿಯುವಾಗ ಮಂಗಗಳ ಹಿಂಡಿಗೆ ಡಬ್ಬ ಬಡಿದು ಕೈ ಸೋತ ಯಜಮಾನ ರಸೀದಿ ತೋರಿಸಿ, ರಿಜಿಸ್ಟರಿಗೆ ಸಹಿ ಹಾಕಿ, ಬಟ್ಟೆ ಸುತ್ತಿದ ಕೋವಿಯನ್ನು ಹಿಡಿದು ಮಗನ ಬೈಕಿನ ಹಿಂದೆ ಕೂರುತ್ತಾನೆ. ತೋಪಿನಲ್ಲಿ ಅಷ್ಟು ಹೊತ್ತಿಗೆ ಅರ್ಧ ಕೊಯ್ಲು ಮುಗಿದಿರುತ್ತದೆ.