ಬಿಳಿಮೀನಿನ ಮಡುಗಳು

ಬೆಂಗಳೂರಿಗೆ ಸಮುದ್ರವಿಲ್ಲ. ಮಲ್ಪೆಯಲ್ಲೋ ಕಾರವಾರದಲ್ಲೋ ದೋಣಿ ಗೊತ್ತುಮಾಡಿಕೊಂಡು ದಿನವಿಡೀ ಗಾಳ ಹಾಕಬೇಕೆಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಘಾಟಿ ಇಳಿಯಬೇಕು. ಆದರೂ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಜಯನಗರ, ಬನಶಂಕರಿ ಕಡೆಯ ಗಾಳದ ಹುಚ್ಚಿನವರು ಕಡಲಿಗಾಗಿ ಹಂಬಲಿಸಿದ್ದನ್ನು ನಾನು ಕಾಣೆ. ಬನಶಂಕರಿ ಗುಡಿಯ ಮುಂದೆ ಹಾದುಹೋಗುವ ಕನಕಪುರ ರಸ್ತೆಯನ್ನೇ ಹಿಡಿದು ಕನಕಪುರ, ಸಾತನೂರು, ಹಲಗೂರು ದಾಟಿ ಮುತ್ತತ್ತಿಯ ಕಾಡಿಗೆ ಇಳಿದರೆ, ಸುಮಾರು 100 ಕಿಲೋಮೀಟರಿಗೆ ಕಾವೇರಿ. ಅಲ್ಲಿ ಭೀಮೇಶ್ವರಿ. ಒಂದು ಹರಿಗೋಲು, ಅದನ್ನು ನಡೆಸುವ ಒಬ್ಬ ಬಲ್ಲವ, ಮುಂಜಾವಿನಿಂದ ಮುಸ್ಸಂಜೆಯವರೆಗಿನ ಹೊಳೆ, ಇಂಗ್ಲೆಂಡಿನ ಜನ ವಿಮಾನ ಹತ್ತಿ ಬಂದು ಕಾದು ಕೂರುತ್ತಿದ್ದ ಮೀನು, ಇಷ್ಟೂ ನಮ್ಮ ಬೀದಿಯಿಂದ ಮೂರು ಗಂಟೆಯ ದಾರಿಯಲ್ಲಿತ್ತು.

ಆ ಮೀನನ್ನು ಪುಸ್ತಕದವರು ಮಾಹಸೀರ್ ಎನ್ನುತ್ತಾರೆ. ಹೊಳೆಯಂಚಿನವರಿಗೆ ಅದು ಬಿಳಿಮೀನು. ಅಂಗೈ ಅಗಲದ ಹುರುಪೆ, ದಪ್ಪ ತುಟಿ, ದೊಡ್ಡದಾದಂತೆ ತಲೆಯ ಹಿಂದೆ ಏಳುವ ಗೂನು, ಕಿತ್ತಳೆ ಬಣ್ಣದ ರೆಕ್ಕೆ. 1946ರ ಮಾರ್ಚಿನಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಅವರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಒಂದನ್ನು ಎತ್ತಿದ್ದರು. ಗಾಳಕ್ಕೆ ಸಿಕ್ಕ ಮಾಹಸೀರ್‌ಗಳಲ್ಲಿ ಇಂದಿಗೂ ಅದರದೇ ದಾಖಲೆ. ಆಮೇಲಿನ ವರ್ಷಗಳಲ್ಲಿ ಮಡುಗಳಿಗೆ ತೋಟೆ ಎಸೆಯುವುದು ಹೆಚ್ಚಿತು. ಈ ಮೀನಿನ ಕಥೆ ಮುಗಿಯಿತೆಂದೇ ಹೊರಗಿನವರು ಭಾವಿಸಿದ್ದಾಗ 1977-78ರಲ್ಲಿ ಬ್ರಿಟನ್ನಿನ ಮೂವರು ಯುವಕರು ಬಂದು, ಕಾವೇರಿಯಲ್ಲಿ ಇನ್ನೂ 90 ಪೌಂಡು ಮೀರಿದ ಮೀನಿದೆ ಎಂದು ತೋರಿಸಿಕೊಟ್ಟರು. ಅಷ್ಟರಲ್ಲಿ ಬೆಂಗಳೂರಿನಲ್ಲಿ 1972ರಲ್ಲೇ ಹುಟ್ಟಿದ್ದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಪಾತ್ರವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತ್ತು. ಮುಂದೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿಯಲ್ಲಿ ಮೀನು ಶಿಬಿರ ತೆರೆಯಿತು. ಮೇಲಕ್ಕೆ ದೊಡ್ಡಮಾಕಳಿ, ಕೆಳಕ್ಕೆ ಗಾಳಿಬೋರೆಯಲ್ಲೂ ಡೇರೆಗಳೆದ್ದವು. ಒಂದೇ ಕಟ್ಟಳೆ: ಹಿಡಿದದ್ದನ್ನು ಜೀವಸಹಿತ ಬಿಡಬೇಕು.

ಹೊರಡುವ ಸಡಗರ ಹಿಂದಿನ ದಿನವೇ ಶುರುವಾಗುತ್ತಿತ್ತು. ಯಡಿಯೂರಿನ ಹಿಟ್ಟಿನ ಗಿರಣಿಯಲ್ಲಿ ರಾಗಿ ನುಣ್ಣಗೆ ಬೀಸಿಸಿ ತರುವುದು ನನ್ನ ಪಾಲಿನ ಕೆಲಸ. ರೀಲು, ರಾಡು ಸ್ನೇಹಿತರೊಬ್ಬರವು, ಅವರ ಅಣ್ಣ ವಿದೇಶದಿಂದ ತಂದುಕೊಟ್ಟವು. ನಾಲ್ಕು ಗಂಟೆಯ ಕತ್ತಲಲ್ಲಿ ಸಾರಕ್ಕಿ ಕೆರೆಯ ಪಕ್ಕ ಹಾದರೆ ತಲಘಟ್ಟಪುರದಾಚೆಗೆ ಊರೇ ಇಲ್ಲ. ಎರಡೂ ಕಡೆ ತೆಂಗು, ರಾಗಿ ಹೊಲ, ಹಿಪ್ಪುನೇರಳೆ. ಕಗ್ಗಲೀಪುರದ ಏರಿನಲ್ಲಿ ಚಳಿ ಮುಖಕ್ಕೆ ಹೊಡೆಯುತ್ತಿತ್ತು. ಕನಕಪುರದಲ್ಲಿ ಬೆಳಕು ಹರಿಯುವ ಹೊತ್ತಿಗೆ ಇಡ್ಲಿ, ಕಾಫಿ. ಹಲಗೂರು ಬಿಟ್ಟಮೇಲೆ ಯಾರೂ ಮಾತಾಡುತ್ತಿರಲಿಲ್ಲ. ದಾರಿಗೆ ಆನೆ ಅಡ್ಡ ಬಂದೀತೆಂಬ ಎಚ್ಚರ.

ನಮ್ಮನ್ನು ಕಾಯುತ್ತಿದ್ದ ಹರಿಗೋಲಿನ ಅಣ್ಣನ ಹೆಸರು ಇಲ್ಲಿ ಬೇಡ. ನಮಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಶಿಬಿರದ ದೊರೆಗಳು ಅವರಂಥವರನ್ನು ಗಿಲ್ಲಿ ಎಂದು ಕರೆಯುತ್ತಿದ್ದರು. ನಾವು ಅಣ್ಣ ಎಂದೇ ಕರೆದೆವು. ನಾವು ತಂದ ಹಿಟ್ಟನ್ನು ಮೂಸಿ ನೋಡಿ, "ಹೊಸ ರಾಗಿ ಸಾರ್, ಒಳ್ಳೇದು" ಎಂದೋ, "ಮುಗ್ಗಲು ವಾಸ್ನೆ ಬತ್ತಾ ಅದೆ, ಇದು ಮುಟ್ಟಾಕಿಲ್ಲ" ಎಂದೋ ತೀರ್ಪು ಕೊಡುತ್ತಿದ್ದರು. ಹಿಟ್ಟಿಗೆ ನೀರು ಹಾಕಿ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು ಬೇಯಿಸಿ, ಮತ್ತೆ ನಾದುವುದು. ಮೀನು ಹೊರಗಿನಿಂದ ಕುಟುಕಿದರೆ ಬಿಡಬಾರದು, ಗಾಳ ಎಳೆದರೆ ಬಿಟ್ಟುಕೊಡಬೇಕು. ಆ ಹದ ಅವರ ಹೆಬ್ಬೆರಳಿಗೆ ಗೊತ್ತಿತ್ತು. ನಿಂಬೆಗಾತ್ರದ ಉಂಡೆಯೊಳಗೆ ಗಾಳದ ಮೊನೆ ಅಡಗುತ್ತಿತ್ತು. ಭಾರಕ್ಕೆ ಸೀಸದ ತಂತಿಯನ್ನು ಲೈನಿಗೆ ಸುತ್ತುತ್ತಿದ್ದರೇ ಹೊರತು ಗುಂಡು ಕಟ್ಟುತ್ತಿರಲಿಲ್ಲ. ಕಾವೇರಿಯ ತಳವೆಲ್ಲ ಬಂಡೆ. ಸಂದಿಯಲ್ಲಿ ಸಿಕ್ಕಿಕೊಂಡರೆ ಸುತ್ತಿದ ಸೀಸ ಜಾರಿ ಬರುತ್ತದೆ, ಗುಂಡು ಬರುವುದಿಲ್ಲ.

ಹರಿಗೋಲು ಆಗ ಬಿದಿರಿನ ಹೆಣಿಗೆಗೆ ಟಾರ್ಪಾಲು ಹೊದಿಸಿ ಡಾಂಬರು ಬಳಿದದ್ದು. ಒಂದೇ ಹುಟ್ಟು. ಸುತ್ತಿ ಸುತ್ತಿ ಸಾಗುವ ಆ ಬುಟ್ಟಿಯನ್ನು ಸೆಳವಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸುವುದು ಬಲದ ಕೆಲಸವಲ್ಲ, ನೀರನ್ನು ಓದುವ ಕೆಲಸ. ಮೇಲೆ ಶಿವನಸಮುದ್ರದ ಮತ್ತು ಶಿಂಷಾದ ವಿದ್ಯುದಾಗಾರಗಳು ಎಷ್ಟು ಯಂತ್ರ ತಿರುಗಿಸಿದವೋ ಅಷ್ಟರ ಮೇಲೆ ಇಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ಅಣ್ಣ ದಡದ ಒಂದು ಕಲ್ಲಿನ ಮೇಲೆ ಆಗಾಗ ಕಣ್ಣು ಹಾಯಿಸುವರು. "ನೀರು ಏರ್ತಾ ಅದೆ, ಈಗ ಹಾಕಿ" ಅಂದರೆ ಮರುಮಾತಿಲ್ಲದೆ ಬೀಸಬೇಕು.

ಆಮೇಲೆ ಕಾಯುವುದು. ಗಂಟೆಗಟ್ಟಲೆ ಕಾಯುವುದು. ಬಂಡೆಯ ಮೇಲೆ ಕೂತು, ಲೈನನ್ನು ಎರಡು ಬೆರಳ ನಡುವೆ ಹಿಡಿದು. ಹೊಳೆಮತ್ತಿಯ ಬಿಳಿ ಕಾಂಡಗಳ ನೆರಳು ನೀರಿನ ಮೇಲೆ ಸರಿಯುತ್ತಿತ್ತು. ಎದುರಿನ ಮರಳಲ್ಲಿ ಮೊಸಳೆ ಬಾಯಿ ತೆರೆದು ಮಲಗಿರುತ್ತಿತ್ತು. ನೀರುನಾಯಿಗಳ ಹಿಂಡು ಮಡು ಕಲಕಿ ಹೋದರೆ ಅಣ್ಣ ಎದ್ದು ಜಾಗ ಬದಲಿಸುತ್ತಿದ್ದರು. ಸಣ್ಣಮೀನು ಉಂಡೆ ಕುಟುಕುವುದು ಬೆರಳಿಗೆ ಟಿಕ್ ಟಿಕ್ ಎನ್ನುತ್ತದೆ. ಬಿಳಿಮೀನು ಹಾಗಲ್ಲ. ಒಂದು ಸಲ ಮೆಲ್ಲಗೆ ಒತ್ತಿದಂತಾಗಿ, ಮರುಕ್ಷಣ ರೀಲು ಕಿರುಚುತ್ತದೆ. ಅದು ಓಡುವುದು ಕೆಳಕ್ಕೆ, ಸೆಳವಿನೊಳಕ್ಕೆ. ತಡೆದರೆ ಲೈನು ಬಂಡೆಗೆ ಉಜ್ಜಿ ಹರಿಯಿತು ಎಂದೇ ಲೆಕ್ಕ. ಹಾಗಾಗಿ ಹರಿಗೋಲು ಹತ್ತಿ ಬೆನ್ನಟ್ಟಬೇಕು. ಬಿಳಿ ನೊರೆಯ ನಡುವೆ ಹರಿಗೋಲು ಬುಗುರಿಯಂತೆ ತಿರುಗುವಾಗ ರಾಡಿನ ತುದಿಯನ್ನು ಮೀನಿನ ಕಡೆಗೇ ಇಟ್ಟುಕೊಳ್ಳಬೇಕು. "ಬುಡಿ ಬುಡಿ, ಓಡ್ಲಿ... ಈಗ ಸುತ್ತಿ!" ಎಂದು ಅಣ್ಣ ಕೂಗುತ್ತಿದ್ದದ್ದು ನೀರಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಮುಂದಿನ ಮಡುವಿನಲ್ಲಿ ಅದು ತಳಕ್ಕೆ ಹೋಗಿ ಕೂತರೆ ಅರ್ಧ ಗಂಟೆ, ಒಂದು ಗಂಟೆ. ಕೈ ನಡುಗಿ ಭುಜ ಸೋಲುವ ಹೊತ್ತಿಗೆ ಬಂಗಾರದ ಬಣ್ಣದ ಪಕ್ಕೆಯೊಂದು ನೀರಿನೊಳಗೇ ಹೊರಳುತ್ತಿತ್ತು.

ದಡ ಸೇರಿದಮೇಲಿನ ಕೆಲಸ ಇನ್ನೂ ನಾಜೂಕು. ಅಣ್ಣ ಎದೆಮಟ್ಟ ನೀರಿಗಿಳಿದು ಮೀನಿನ ದವಡೆಗೆ ಮೆತ್ತನೆಯ ಹಗ್ಗ ಪೋಣಿಸಿ, ಹರಿವಿಗೆ ಮುಖಮಾಡಿ ಹಿಡಿದು ನಿಲ್ಲುವರು. ಕಿವಿರು ಮತ್ತೆ ನಿಧಾನವಾಗಿ ಆಡತೊಡಗಿದಮೇಲೆ ತೂಕ, ಒಂದು ಫೋಟೋ. ಶಿಬಿರದ ಪುಸ್ತಕದಲ್ಲಿ ದಿನಾಂಕ, ಜಾಗ, ತೂಕ, ಎಷ್ಟು ಗಂಟೆ ಗಾಳ ಹಾಕಿದ್ದು, ಎಲ್ಲ ಬರೆಯಬೇಕು. ಬಿಟ್ಟ ಮೀನು ಕೂಡಲೇ ಹೋಗುವುದಿಲ್ಲ. ಅವರ ಕಾಲ ಬಳಿಯೇ ಸ್ವಲ್ಪ ಹೊತ್ತು ನಿಂತು, ಬಾಲ ಒಮ್ಮೆ ಬೀಸಿ ಕತ್ತಲ ನೀರಿಗೆ ಇಳಿಯುತ್ತಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರು ಹಳೆಯದನ್ನು ಹೇಳುತ್ತಿದ್ದರು. ಹುಡುಗರಾಗಿದ್ದಾಗ ಅವರೂ ತೋಟೆ ಎಸೆದವರೇ. ಒಂದು ತೋಟೆಗೆ ಮಡುವಿನ ದೊಡ್ಡದು ಸಣ್ಣದು ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತಿತ್ತಂತೆ. ಅರ್ಧ ಕೈಗೆ ಸಿಗುವುದು, ಅರ್ಧ ಹೊಳೆಯ ಪಾಲು. ಶಿಬಿರ ಬಂದು ತಿಂಗಳ ಸಂಬಳವಾದಮೇಲೆ ಅದೇ ಕೈಗಳು ರಾತ್ರಿ ದೀಪ ಹಿಡಿದು ಮಡು ಕಾದವು. ತೋಟೆ ಹಾಕುವವರು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಬರುತ್ತಾರೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೀವಂತ ಮೀನಿನಿಂದಲೇ ಮನೆ ನಡೆಯುವುದಾದರೆ ಅದನ್ನು ಕೊಲ್ಲಲು ಯಾರೂ ಬಿಡುವುದಿಲ್ಲ. ಈ ಏರ್ಪಾಟು ಎಷ್ಟು ದೊಡ್ಡದೆಂದು ನಮ್ಮ ಸರ್ಕಾರಕ್ಕಾಗಲಿ ಕಾಡಿನ ಪರ ಮಾತಾಡುವ ನಮ್ಮಂಥವರಿಗಾಗಲಿ ಆಗ ಪೂರ್ತಿ ಅರ್ಥವಾಗಿರಲಿಲ್ಲ ಎಂದು ನನಗನಿಸುತ್ತದೆ.

ಮೊದಲ ಬದಲಾವಣೆಯನ್ನು ಕಂಡವರೂ ಹರಿಗೋಲಿನವರೇ. ತೊಂಬತ್ತರ ದಶಕದಲ್ಲಿ ಅಣ್ಣ ಒಂದು ಮೀನಿನ ರೆಕ್ಕೆ ಬಿಡಿಸಿ ತೋರಿಸಿದ್ದರು: "ನೋಡಿ ಸಾರ್, ಇದು ನೀಲಿ. ಗೂನೂ ಇಲ್ಲ. ಇದು ನಮ್ಮ ಹೊಳೇದಲ್ಲ." ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಾಹಸೀರ್ ಮರಿಗಳನ್ನು ಕಾವೇರಿಗೂ ಬಿಡಲಾಗಿತ್ತು. ಮೀನು ಹೆಚ್ಚಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟದ್ದು. ಅವು ಚೆನ್ನಾಗಿ ಹೆಚ್ಚಿದವು. ದಿನಕ್ಕೆ ಸಿಗುವ ಮೀನಿನ ಸಂಖ್ಯೆ ಏರಿತು, ಬಂದವರು ಸಂತೋಷಪಟ್ಟರು. ಕಿತ್ತಳೆ ರೆಕ್ಕೆಯದು ಮಾತ್ರ ಅಪರೂಪವಾಗುತ್ತಾ ಹೋಯಿತು. ಸಿಕ್ಕರೆ ಹಳೆಯ ದೊಡ್ಡ ಮೀನು. ಅದರ ಮರಿ ಕಾಣುವುದೇ ನಿಂತಿತು.

ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಆ ಪುಸ್ತಕಗಳೇ ಮುಂದೆ ವಿಜ್ಞಾನಿಗಳಿಗೆ ಆಧಾರವಾದವು. 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತವರ ಸಂಗಡಿಗರು ಅಳೆದು ತೂಗಿ, 2015ರಲ್ಲಿ ಗೂನುಬೆನ್ನಿನ ಮೀನು ಅಳಿವಿನ ಅಂಚಿಗೆ ಬಂದಿದೆ ಎಂದು ಬರೆದರು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ನೂರೈವತ್ತು ವರ್ಷಗಳಿಂದ ಶಿಕಾರಿಯವರ ಬಾಯಲ್ಲಿದ್ದ ಈ ಮೀನಿಗೆ ಅಲ್ಲಿಯವರೆಗೆ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಅದು 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಲಾಗಿದ್ದ ಟಾರ್ ರೆಮಾದೇವಿಯೇ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ, ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಅಷ್ಟು ಹೊತ್ತಿಗೆ ನಮ್ಮ ಮಡುಗಳಲ್ಲಿ ಅದನ್ನು ನೋಡಿ ಹೇಳುವವರನ್ನೇ ನಾವು ಮನೆಗೆ ಕಳಿಸಿಯಾಗಿತ್ತು.

ಕಳಿಸಿದ್ದು ಕಾನೂನು. ಈ ಕಾಡು 1987ರಲ್ಲೇ ಕಾವೇರಿ ವನ್ಯಜೀವಿ ಧಾಮವಾಗಿತ್ತು. ಧಾಮದೊಳಗೆ ಗಾಳ ಹಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ಅರ್ಥ ಗಟ್ಟಿಯಾಗಿ, 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ನಿಂತಿತು. ಕಾಯ್ದೆಯ ಅಕ್ಷರ ತಪ್ಪೆಂದು ನಾನು ಹೇಳಲಾರೆ. ತುಟಿಗೆ ಕಬ್ಬಿಣ ಚುಚ್ಚುವುದು ಮೀನಿಗೆ ನೋವೇ. ಹುಲಿಯ ಕಾಡಿಗೆ ಒಂದು ನಿಯಮ, ಹೊಳೆಗೆ ಇನ್ನೊಂದು ಎನ್ನುವುದೂ ಸುಲಭವಲ್ಲ. ಆದರೆ ಗಾಳ ನಿಂತ ದಿನವೇ ಸಂಬಳದ ಕಾವಲೂ, ದಿನದಿನದ ಲೆಕ್ಕವೂ ನಿಂತವು. ಹೊಳೆಗೆ ದಿನವೂ ಇಳಿಯುವ ಮನುಷ್ಯರನ್ನು ಹೊರಗಿಟ್ಟು, ಆ ಜಾಗಕ್ಕೆ ಬೇರೆ ಯಾರನ್ನೂ ನಾವು ಇಳಿಸಲಿಲ್ಲ. ಕೊಡಗಿನ ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಹಿಡಿದು ಬಿಡುವ ಪದ್ಧತಿಯನ್ನು ಉಳಿಸಿಕೊಂಡದ್ದನ್ನು ನೋಡಿದಾಗೆಲ್ಲ ಭೀಮೇಶ್ವರಿಯಲ್ಲೂ ಒಂದು ದಾರಿ ಹುಡುಕಬಹುದಿತ್ತು ಅನಿಸುತ್ತದೆ. ಗಾಳ ಬೇಡವಾದರೆ ಎಣಿಕೆಗಾದರೂ ಅವರನ್ನು ಇಟ್ಟುಕೊಳ್ಳಬಹುದಿತ್ತು.

ಈಗ ಶಿಬಿರಕ್ಕೆ ಹೋದರೆ ಹೊಳೆಯ ಮೇಲೆ ಗಾಳಿ ತುಂಬಿದ ರಬ್ಬರ್ ದೋಣಿಗಳು, ಕಿತ್ತಳೆ ಜಾಕೆಟ್ ತೊಟ್ಟ ಹುಡುಗ ಹುಡುಗಿಯರು. ಅವರ ಖುಷಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ; ಮಕ್ಕಳು ಹೊಳೆಯನ್ನು ಪ್ರೀತಿಸಲು ಎಲ್ಲಿಂದಲಾದರೂ ಶುರುಮಾಡಬೇಕು. ದಾರಿ ಮಾತ್ರ ಗುರುತೇ ಸಿಗದಷ್ಟು ಬದಲಾಗಿದೆ. 2017ರಲ್ಲಿ ಯಲಚೇನಹಳ್ಳಿಗೆ ಬಂದ ಮೆಟ್ರೋ 2021ರಲ್ಲಿ ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯವರೆಗೆ ಹೋಯಿತು. ಹಿಪ್ಪುನೇರಳೆಯ ಜಾಗದಲ್ಲಿ ಇಪ್ಪತ್ತು ಮಹಡಿಯ ವಸತಿಗಳು. ಅವುಗಳಿಗೆ ಬೇಕಾದದ್ದೂ ಇದೇ ಹೊಳೆ. 1974ರಿಂದಲೂ ತೊರೆಕಾಡನಹಳ್ಳಿಯಲ್ಲಿ ಎತ್ತಿದ ಕಾವೇರಿ ಹಾರೋಹಳ್ಳಿ, ತಾತಗುಣಿ ಏರಿ ನಮ್ಮ ನಲ್ಲಿಗೆ ಬರುತ್ತಿದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿಸಿತು. ಬಸವನಗುಡಿ, ಬನಶಂಕರಿಯ ಒಂದು ಪಾಲಿನ ಕೊಳೆನೀರು ವೃಷಭಾವತಿಯಾಗಿ ಬೈರಮಂಗಲಕ್ಕೆ ಹರಿದು, ಅರ್ಕಾವತಿ ಸೇರಿ, ಗಾಳಿಬೋರೆಯ ಕೆಳಗೆ ಸಂಗಮದಲ್ಲಿ ಕಾವೇರಿಗೇ ಬೀಳುತ್ತದೆ. ಅದರ ಕೆಳಗೆ ಮೇಕೆದಾಟಿನಲ್ಲಿ 67 ಟಿಎಂಸಿ ಅಣೆಕಟ್ಟಿನ ಯೋಜನೆಯಿದೆ. ಅದು ಎದ್ದರೆ ಹರಿಯುವ ಹೊಳೆಯ ದೊಡ್ಡದೊಂದು ಭಾಗ ನಿಂತ ನೀರಾಗುತ್ತದೆ. ಸೆಳವಿನಲ್ಲಿ ಬದುಕುವ ಮೀನಿಗೆ ಅದು ಮನೆಯಲ್ಲ. ಬೆಂಗಳೂರಿಗೆ ನೀರು ಬೇಕು, ನಿಜ. ಕೊಳಾಯಿ ತಿರುಗಿಸುವ ನಾವು ಈ ಮೀನಿನ ಹೆಸರನ್ನಾದರೂ ಲೆಕ್ಕಕ್ಕೆ ತಂದುಕೊಂಡು ಆ ಚರ್ಚೆ ಮಾಡಬೇಕು.

ಗೂನುಬೆನ್ನಿನ ಬಿಳಿಮೀನು ಪೂರ್ತಿ ಹೋಗಿಲ್ಲ. ನೀಲಗಿರಿಯ ಬುಡದ ಮೋಯಾರ್ ಹೊಳೆಯಲ್ಲಿ ಇನ್ನೂ ಉಳಿದಿದೆ. 2018ರ ಗುರುತಿನ ಕೆಲಸಕ್ಕೆ ಅಲ್ಲಿಯ ಮೀನುಗಳೇ ನೆರವಾದದ್ದು. ಎಂದಾದರೂ ಅಲ್ಲಿಯ ಮೀನಿನಿಂದ ಮರಿ ಮಾಡಿ ಕಾವೇರಿಗೆ ತರುವುದಾದರೆ, ಈ ಸಲ ಬಿಡುವ ಮೊದಲು ಕೇಳಬೇಕಾದ ಜನ ಇದ್ದಾರೆ. ಅಣ್ಣನಿಗೆ ಈಗ ಎಂಬತ್ತರ ಹತ್ತಿರ. ಮಗ ಕನಕಪುರ ರಸ್ತೆಯ ಅಪಾರ್ಟ್‌ಮೆಂಟೊಂದರಲ್ಲಿ ಪಂಪು ನೋಡಿಕೊಳ್ಳುತ್ತಾನೆ, ಹೊಳೆ ಅವನಿಗೆ ಗೊತ್ತಿಲ್ಲ. ಹೋದ ಬೇಸಿಗೆಯಲ್ಲಿ ಅವರ ಜಗುಲಿಯ ಮೇಲೆ ಕೂತು ಈ ಮರಿಯ ವಿಷಯ ಎತ್ತಿದೆ. ಅವರು ಕಡ್ಡಿಯೊಂದನ್ನು ಎತ್ತಿಕೊಂಡು ಮಣ್ಣಿನ ಮೇಲೆ ಹೊಳೆ ಗೀಚಿದರು. "ಬಂಗ್ಲೆ ಮುಂದ್ಗಡೆ ಬುಡಬೇಡಿ ಅನ್ನಿ ಸಾರ್, ಅಲ್ಲಿ ನೀಲಿಮೀನು ತುಂಬೋಗವೆ. ದೊಡ್ಡಮಾಕಳಿ ಮ್ಯಾಲೆ, ಎರಡು ಬಂಡೆ ಸಂದೀಲಿ ಒಂದು ಮಡು ಅದೆ. ಕರೆಂಟಿನೋರು ನೀರು ನಿಲ್ಸಿದ್ರೂ ಅದ್ರ ತಳ ಒಣಗಾಕಿಲ್ಲ. ಮರಿ ಅಲ್ಲಿಗೇ ಬುಡಬೇಕು. ಮಳೆ ಶುರುವಾಗೋ ಮುಂಚೆ."