ಮುಟ್ಟದ ಕೈ

ನಮ್ಮ ಕಾಳ್ಯಾನ ಮೈಮೇಲೆ ಮೊದಲ ಬಳೆ ಕಂಡದ್ದು ಎಡಗಿವಿಯ ಹಿಂದೆ. ರೂಪಾಯಿಯಗಲ ಕೂದಲುದುರಿ, ಅಂಚು ಕೆಂಪಾಗಿ, ನಡುವೆ ಹೊಟ್ಟು ಎದ್ದಿತ್ತು. ಅವ್ವ ನೋಡಿದವಳೇ “ಹುಳುಕಡ್ಡಿ ಆಗೇತಿ” ಎಂದಳು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಆ ಶಬ್ದವನ್ನು ಪರೀಕ್ಷಿಸದೆ ನಂಬಿಬಿಟ್ಟೆ. ಹೆಸರಿನಲ್ಲೇ ಹುಳು ಇದ್ದಮೇಲೆ ಮೈಯಲ್ಲಿ ಇರಲೇಬೇಕಲ್ಲ! ಔಷಧದ ಅಂಗಡಿಯಲ್ಲಿ ನನ್ನದೇ ತುರಿಕೆಯೆಂದು ಹೇಳಿ ಮುಲಾಮು ತಂದು ಹಚ್ಚಿದೆ. ಮೂರು ದಿನದಲ್ಲಿ ಕೆಂಪು ಇಳಿಯಿತು. ಹದಿನೈದು ದಿನದಲ್ಲಿ ಒಂದು ಬಳೆ ಐದಾಯಿತು.

ಆರನೆಯದು ಮಗಳ ಮುಂಗೈ ಮೇಲೆ ಮೂಡಿತು.

ಅಂದಿನಿಂದ ಮನೆಯ ಕಾಯಿದೆ ಬದಲಾಯಿತು. ಕಾಳ್ಯಾನನ್ನು ಹಿತ್ತಲ ಬೇವಿನ ಗಿಡಕ್ಕೆ ಕಟ್ಟಿದ್ದಾಯಿತು. ರೊಟ್ಟಿಯನ್ನು ದೂರದಿಂದ ಸರಿಸುವುದಾಯಿತು. ಸಂಜೆ ನಾನು ಮುಂಡರಗಿಯ ಬಸ್ಸಿಳಿದು ಬಂದರೆ ಅದು ಹಗ್ಗ ಜಗ್ಗಿ ತಲೆ ಚಾಚುತ್ತಿತ್ತು; ನಾನು ಕೈ ಜೇಬಿನಲ್ಲಿಟ್ಟುಕೊಂಡು ಒಳಗೆ ನಡೆಯುತ್ತಿದ್ದೆ. ತರಗತಿಯಲ್ಲಿ ಬಸವಣ್ಣನವರ ದಯೆಯನ್ನು ಒಂದು ತಾಸು ವಿವರಿಸಿ ಬಂದ ದಿನವೂ ಹಾಗೆಯೇ. ಹೇಳಲು ನಾಚಿಕೆ, ಒಂದು ರಾತ್ರಿ, ಹೊಳೆ ದಾಟಿಸಿ ಬಿಟ್ಟು ಬಂದರೆ ಹೇಗೆಂದೂ ಯೋಚಿಸಿದೆ. ತುಂಗಭದ್ರೆಯ ಆಚೆ ದಂಡೆ ನಮಗೆ ಬೇರೆ ಜಿಲ್ಲೆ. ಪಾಪಕ್ಕೂ ಜಿಲ್ಲೆಯ ಗಡಿ ಇದ್ದೀತೆಂಬ ಭ್ರಮೆ!

ಅವ್ವನಿಗೆ ಹೇಳಿದೆ. ಅವಳು ತಲೆಯೆತ್ತದೆ, “ಕೂಸಿಗೂ ಆಗೇತಲ್ಲಪಾ, ಅಕಿನ್ನ ಯಾವ ದಂಡಿಗೆ ಬಿಟ್ಟು ಬರ್ತಿ?” ಎಂದಳು.

ಮರುದಿನ ಮಗಳನ್ನು ಡಾಕ್ಟರರಿಗೆ ತೋರಿಸಿ, ಕಾಳ್ಯಾನನ್ನು ದನದ ದವಾಖಾನೆಗೆ ಒಯ್ದೆ. ವೈದ್ಯರು ಗಾಯದಂಚಿನ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿ ನಕ್ಕರು. “ಹುಳ ಎಲ್ಲೈತ್ರೀ ಸರ? ಇದು ಬೂಷ್ಟು.” ಹಳಸಿದ ರೊಟ್ಟಿಗೆ ಹಿಡಿಯುವ ಬೂಷ್ಟಿನ ದೂರದ ನಂಟ, ಕೂದಲು, ಉಗುರು, ತೊಗಲಿನ ಮೇಲ್ಪದರವನ್ನೇ ಉಂಡು ಬದುಕುವಂಥದು. ನಾನು ಹಚ್ಚಿದ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತಂತೆ. ಅದು ಕೆಂಪನ್ನು ಅಡಗಿಸಿ, ಬೂಷ್ಟಿಗೆ ಬಾಗಿಲು ತೆರೆದಿತ್ತು.

ಮಾತ್ರೆ ಕೊಟ್ಟರು. ವಾರಕ್ಕೆರಡು ಸಲ ಕೀಟೊಕೊನಜೋಲ್ ಶಾಂಪೂ ಸ್ನಾನ. ನೊರೆ ಹತ್ತು ನಿಮಿಷ ಮೈಮೇಲೆ ನಿಲ್ಲಬೇಕು. ಉದುರಿದ ಕೂದಲಿನಲ್ಲಿ ಬೂಷ್ಟಿನ ಬೀಜ ವರ್ಷದ ಮೇಲೂ ಬದುಕಬಲ್ಲದು. ಆದ್ದರಿಂದ ದಿನವೂ ಗುಡಿಸಬೇಕು, ಹಾಸಿದ ಗೋಣಿಯನ್ನು ಸುಡಬೇಕು. ಕೂದಲು ಬಂತೆಂದು ಮದ್ದು ನಿಲ್ಲಿಸಬಾರದು.

ರಬ್ಬರಿನ ಕೈಗವಸು ತೊಟ್ಟು ಹಿತ್ತಲ ಕಲ್ಲಿನ ಮೇಲೆ ಕುಳಿತೆ. ನೊರೆ ಹಚ್ಚಿದ ಮೇಲೆ ಹತ್ತು ನಿಮಿಷ ಮತ್ತೇನು ಕೆಲಸ? ತಿಕ್ಕುತ್ತಲೇ ಇರಬೇಕು. ಎಷ್ಟೋ ದಿನದ ಮೇಲೆ ಮೈಮೇಲೆ ಕೈಯಾಡಿದ್ದೇ ತಡ, ಕಾಳ್ಯಾ ತನ್ನ ಭಾರವನ್ನೆಲ್ಲ ನನ್ನ ಮೊಣಕಾಲಿಗೆ ಹಾಕಿ ಕಣ್ಣು ಮುಚ್ಚಿತು. ಸಿಟ್ಟಿಲ್ಲ, ದೂರಿಲ್ಲ. ಗಡಿಯಾರ ನೋಡುವುದನ್ನು ನಾನೇ ಮರೆತೆ.

ಎರಡು ತಿಂಗಳಾದ ಮೇಲೆ ವೈದ್ಯರು ಮತ್ತೆ ಕೂದಲು ಪರೀಕ್ಷಿಸಿ, “ಸಾಕ್ರಿ” ಎಂದರು. ಮಗಳ ಮುಂಗೈ ಅದಕ್ಕೂ ಮೊದಲೇ ನಿರ್ಮಲವಾಗಿತ್ತು. ಅಂದು ಸಂಜೆ ಬರಿಗೈ ಚಾಚಿದೆ. ಕಾಳ್ಯಾ ಮೊದಲು ಅದನ್ನು ಮೂಸಿತು. ರಬ್ಬರಿನ ವಾಸನೆಯನ್ನೇ ಹುಡುಕಿತೋ ಏನೋ. ಆಮೇಲೆ ಮೆಲ್ಲಗೆ ತಲೆಯಿಟ್ಟಿತು. ರೋಗ ಅದರ ಮೈಗೆ ತಗುಲಿದ್ದು ನಿಜ. ಆದರೆ ಅಷ್ಟು ದಿನ ನನ್ನ ಕೈಗೆ ಹತ್ತಿದ್ದುದು ಯಾವ ರೋಗ?